ಅತ್ತೆಯ ಕೈ ಕಾಫಿ

ದಾಕ್ಷಾಯಣಮ್ಮನವರ ಬಗ್ಗೆ ಭದ್ರಾವತಿಯ ಜನಕ್ಕೆ ಖಚಿತವಾಗಿ ಗೊತ್ತಿದ್ದ ಸಂಗತಿ ಒಂದೇ: ಆಕೆಗೆ ಕಾಫಿಯ ಚಪಲ. ಇದನ್ನು ಬರೆಯುತ್ತಿರುವವನೂ ಬಹಳ ಕಾಲ ಹಾಗೆಯೇ ನಂಬಿದ್ದ. ಹೋಟೆಲಿನ ಬೆಂಚಿನ ಮೇಲೆ ಕೂತು ಆ ಮಾತಿನಿಂದ ನಾಲ್ಕು ಜನರನ್ನು ನಗಿಸಿಯೂ ಇದ್ದ.

ನಂಬದೆ ಇರುವುದಾದರೂ ಹೇಗೆ? ಹೊಳೆಯಾಚೆಯ ಸಣ್ಣ ದವಾಖಾನೆಯಲ್ಲಿ ಆಕೆ ಹೆರಿಗೆ ನರ್ಸಮ್ಮ. ಬಿಳಿ ಸೀರೆ, ಹಣೆಗೆ ವಿಭೂತಿ, ಗಂಡಸರು ಹಿಡಿಯುವಂಥ ದೊಡ್ಡ ಕಪ್ಪು ಛತ್ರಿ, ಹೆಗಲಿಗೊಂದು ಚರ್ಮದ ಚೀಲ. ಬಸುರಿ ಇದ್ದ ಮನೆಗೆ ಬಂದರೆ ಚೀಲ ಕೆಳಗಿಡುವ ಮೊದಲೇ ಶುರು: "ಯಜಮಾನ್ತಿ ಎಲ್ಲಿ? ಒಂದು ಲೋಟ ಕಾಫಿ ಆಗ್ಬೇಕಲ್ಲ!" ಅಷ್ಟಕ್ಕೇ ಬಿಡುತ್ತಿದ್ದರೆ ಆಗುತ್ತಿತ್ತು. "ಸೊಸೆ ಕೈದು ಬೇಡಮ್ಮ. ಈಗಿನ ಹುಡುಗೀರಿಗೆ ಕಾಫಿ ಹದ ಎಲ್ಲಿ ಗೊತ್ತು? ನೀವೇ ಮಾಡಿ. ಬೆಳಗ್ಗೆ ಇಳಿಸಿದ ಡಿಕಾಕ್ಷನ್ ಕೊಟ್ರೆ ನನಗೆ ಗೊತ್ತಾಗಿಬಿಡುತ್ತೆ, ಮತ್ತೆ!"

ಹೀಗೆ ಮನೆಮನೆಯಲ್ಲಿ ಕುಡಿದು ಸಂಜೆ ದವಾಖಾನೆಗೆ ಬಂದರೆ, ಕಾಂಪೌಂಡರ್ ಹಾಲಸ್ವಾಮಿ ಅವರಿಗಾಗಿ ಸೋಡಾ ಪೆಪ್ಪರ್‌ಮಿಂಟಿನ ಮಿಕ್ಸ್ಚರು ಕಲಸಿ ಇಟ್ಟಿರುತ್ತಿದ್ದ. ಡಾಕ್ಟರು ರಜೆ ಹಾಕಿದ ದಿನ ಸ್ಟೆತೊಸ್ಕೋಪನ್ನು ತನ್ನ ಕೊರಳಿಗೆ ಹಾಕಿಕೊಂಡು, ಕುರ್ಚಿಯ ಮೇಲೆ ಒಂದು ಕಾಲು ಮಡಿಸಿ ಕೂರುವ ಮನುಷ್ಯ ಆತ. ಉಪದೇಶವಿಲ್ಲದೆ ಔಷಧಿ ಕೊಟ್ಟವನಲ್ಲ.

"ನರ್ಸಮ್ಮಾ, ನಿಮ್ಮ ಮೈಯಲ್ಲಿ ಹರಿಯೋದು ರಕ್ತ ಅಲ್ಲ, ಡಿಕಾಕ್ಷನ್ನು. ಒಂದಿನ ನಾಲಿಗೆ ಕಟ್ಟಿ ನೋಡಿ."

ದಾಕ್ಷಾಯಣಮ್ಮ ಮಿಕ್ಸ್ಚರು ಗಟಗಟ ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡು, ಛತ್ರಿ ಎತ್ತಿಕೊಂಡು ಮನೆಗೆ ಹೋಗುತ್ತಿದ್ದರು. ಹಾಲಸ್ವಾಮಿಗೆ ಉತ್ತರ ಕೊಟ್ಟರೆ ಅದಕ್ಕೊಂದು ಉಪದೇಶ ಹುಟ್ಟುತ್ತದೆಂದು ಅವರಿಗೆ ಗೊತ್ತಿತ್ತು.

ಅವರು ಹುಟ್ಟಿ ಬೆಳೆದದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ವಿಷಮಶೀತ ಜ್ವರದಲ್ಲಿ ಹೋದ. ಮನೆಯ ಮೂಲೆಯಲ್ಲಿ ಕೂರಬೇಕಾಗಿದ್ದ ಹುಡುಗಿಯನ್ನು ಸೋದರಮಾವನೊಬ್ಬ ಬೈಸಿಕೊಂಡೇ ಸರ್ಕಾರಿ ತರಬೇತಿಗೆ ಸೇರಿಸಿದ. ಕೆಲಸಕ್ಕೆ ಬಂದ ಹೊಸದರಲ್ಲಿ ದಾಕ್ಷಾಯಣಮ್ಮ, ಬಸುರಿಯ ಮೈಮೇಲೆ ಬಾಸುಂಡೆ ಕಂಡರೆ ನೇರವಾಗಿ ಕೇಳುತ್ತಿದ್ದರು: "ಏನಮ್ಮ ಇದು?" ಪಕ್ಕದಲ್ಲಿ ಅತ್ತೆ ಕೂತಿರುತ್ತಿದ್ದಳು. ಉತ್ತರ ಎಲ್ಲ ಮನೆಯಲ್ಲೂ ಒಂದೇ: ಬಚ್ಚಲಲ್ಲಿ ಜಾರಿ ಬಿದ್ದೆ. ಆ ಉತ್ತರಗಳನ್ನು ನಂಬುವುದಾದರೆ ಭದ್ರಾವತಿಯಲ್ಲಿ ಗಂಡಸರು ಮಾತ್ರ ಬೀಳದೆ ಸ್ನಾನ ಮಾಡಿ ಬರಬಲ್ಲ ಬಚ್ಚಲುಗಳಿದ್ದವು.

ಒಂದು ಬೇಸಿಗೆ ಮಧ್ಯಾಹ್ನ, ನಡೆದು ನಡೆದು ತಲೆ ಸುತ್ತಿ ಬಂದಾಗ, ಹಳೇ ಊರಿನ ಒಂದು ಮನೆಯಲ್ಲಿ ಸಂಕೋಚದಿಂದಲೇ ಕಾಫಿ ಕೇಳಿದರು. ಅತ್ತೆ ಒಳಗೆ ಹೋದಳು. ಇದ್ದಿಲ ಒಲೆ ಹೊತ್ತಬೇಕು, ನೀರು ಮರಳಬೇಕು, ಡಿಕಾಕ್ಷನ್ ಇಳಿಯಬೇಕು, ಹಾಲು ಕಾಯಬೇಕು. ಅಷ್ಟರೊಳಗೆ, ತಿಂಗಳುಗಟ್ಟಲೆ ತುಟಿ ಹೊಲಿದುಕೊಂಡಿದ್ದ ಸೊಸೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ ಮುಗಿಸಿ, ಅತ್ತೆ ಲೋಟ ಹಿಡಿದು ಬರುವ ಹೊತ್ತಿಗೆ ಮತ್ತೆ ಮೊದಲಿನಂತೆ ತಲೆ ತಗ್ಗಿಸಿ ಕೂತಿದ್ದಳು.

ಅಂದಿನಿಂದ ಅವರು ಕಾಫಿಯವರಾದರು. ಸೊಸೆಯನ್ನು ನರ್ಸಿನ ಜೊತೆ ಒಂಟಿಯಾಗಿ ಬಿಡದ ಅತ್ತೆಯರೂ, "ನಿಮ್ಮ ಕೈ ಹದ ಯಾರಿಗೂ ಬರಲ್ಲ" ಎಂದರೆ ಎದ್ದು ಒಳಗೆ ಹೋಗುತ್ತಿದ್ದರು. ಅನುಮಾನಕ್ಕಿಂತ ಜಂಬ ದೊಡ್ಡದು.

ತಿಳಿದುಕೊಂಡು ಮಾಡುವುದೇನು? ಪೊಲೀಸರಿಗೆ ಹೇಳಿದರೆ "ಸಂಸಾರದ ವಿಷಯ" ಎಂದು ನಗುವ ಕಾಲ. ದಾಕ್ಷಾಯಣಮ್ಮನವರ ಕೈಲಿದ್ದದ್ದು ನಂಜು ಎಂಬ ಒಂದೇ ಪದ. ಆ ಊರಿನ ಗಂಡಸರು ಪೊಲೀಸರಿಗೂ ಅಷ್ಟು ಹೆದರುತ್ತಿರಲಿಲ್ಲ. "ಬಾಣಂತಿ ಕೋಣೆಗೆ ಗಂಡ ಕಾಲಿಟ್ಟರೆ ನಂಜಾಗುತ್ತೆ." "ತಂಗೀನ ಕರೆಸಿ ಜೊತೇಲಿ ಮಲಗಿಸಿ, ಇಲ್ದಿದ್ರೆ ನಂಜು." ಹೀಗೆ ಕೆಲವರಿಗೆ ಕೆಲವು ತಿಂಗಳ ನೆಮ್ಮದಿ ಸಿಕ್ಕಿತು. ಕೆಲವರಿಗೆ ಅದೂ ಸಿಗಲಿಲ್ಲ. ಸಿಗದವರ ಮುಖ ಅವರಿಗೆ ಊಟಕ್ಕೆ ಕೂತಾಗ ನೆನಪಾಗುತ್ತಿತ್ತು.

ಐವತ್ತೊಂಬತ್ತನೇ ಇಸವಿಯ ಸುಮಾರಿಗೆ, ಕಾಗದದ ಕಾರ್ಖಾನೆಯವರಿದ್ದ ಕಾಗದನಗರದ ಒಂದು ಕ್ವಾರ್ಟರ್ಸಿಗೆ ಅವರಿಗೆ ಕರೆ ಬಂತು. ಮನೆಯ ಯಜಮಾನ ಜಂಬಣ್ಣ, ಗೋದಾಮಿನ ಗುಮಾಸ್ತ, ಭಜನಾ ಮಂಡಳಿಯ ಕಾರ್ಯದರ್ಶಿ. ಮಾತು ಮೆಲು, ನಗು ಇನ್ನೂ ಮೆಲು. ಬೀದಿಯಲ್ಲಿ ಎದುರಾದರೆ ಛತ್ರಿ ಮಡಿಸಿ ಪಕ್ಕಕ್ಕೆ ನಿಂತು ದಾರಿ ಬಿಡುವಷ್ಟು ಸಂಭಾವಿತ. ಅವನ ಹೆಂಡತಿ ಉಮಾಮಹೇಶ್ವರಿಗೆ ಏಳು ತಿಂಗಳು ತುಂಬಿತ್ತು. ಮೊದಲನೆಯದು ಹೆಣ್ಣು, ಪುಟ್ಟಿ ಎಂದು ಕರೆಯುತ್ತಿದ್ದರು, ಆಗಷ್ಟೇ ಪೂರ್ತಿ ಮಾತು ಕಲಿತಿದ್ದ ಮಗು. ಅತ್ತೆ ಸುಭದ್ರಮ್ಮ ಕಾಫಿಯ ಹೊಗಳಿಕೆ ಕೇಳಿದ್ದೇ ಸೆರಗು ಸಿಕ್ಕಿಸಿಕೊಂಡು ಒಳಗೆ ನಡೆದಳು.

"ತೋಳಿಗೆ ಏನಾಯ್ತು?"

"ಬಚ್ಚಲಲ್ಲಿ..."

"ಬಚ್ಚಲು ಐದು ಬೆರಳಿನ ಗುರುತು ಮೂಡಿಸಲ್ಲ ಕಣಮ್ಮ. ಒಳಗೆ ನೀರು ಇನ್ನೂ ಮರಳಿಲ್ಲ, ಹೇಳು."

ಉಮಾಮಹೇಶ್ವರಿ ಅಡುಗೆಮನೆಯ ಕಡೆ ನೋಡಿದಳು. "ಭಜನೆ ಇರೋ ದಿನ ಏನೂ ಮಾಡಲ್ಲ. ಅದಕ್ಕೇ ದಿನಾ ಭಜನೆ ಇರ್ಲಿ ಅಂತ ನಾನೂ ಬೇಡ್ಕೊಳ್ತೀನಿ. ಮೊನ್ನೆ ಹೊಟ್ಟೆಗೆ ಅಂತ ಕಾಲೆತ್ತಿದ್ರು. ನಾನು ತಿರುಗಿಕೊಂಡೆ. ಬೆನ್ನಿಗೆ ಬಿತ್ತು."

"ತವರಿಗೆ ಹೇಳಿದೀಯಾ?"

"ಎರಡನೇ ಬಾಣಂತನ ಗಂಡನ ಮನೇದಲ್ವಾ? ಹೊಂದಿಕೊಂಡು ಹೋಗು ಅಂತ ಅಪ್ಪಾಜಿ ಹೇಳಿಕಳಿಸಿದ್ರು." ಆಮೇಲೆ, ಬೇರೆ ಯಾರದೋ ಸುದ್ದಿ ಹೇಳುವವಳಂತೆ, "ಹೆರಿಗೆವರೆಗೂ ನಾನಿಲ್ಲಿ ಉಳಿಯಲ್ಲ ನರ್ಸಮ್ನೋರೇ. ಎಲ್ಲಿಗಾದ್ರೂ ಕಳಿಸಿ."

ಚೊಚ್ಚಲು ತವರಿನದು, ಎರಡನೆಯದು ಗಂಡನ ಮನೆಯದು. ಇದು ಆ ಸೀಮೆಯ ಕಟ್ಟು. ಎರಡನೆಯದಕ್ಕೂ ಹುಡುಗಿ ತವರಿಗೆ ಬಂದರೆ ಬೀದಿಯವರೆಲ್ಲ ಕಾರಣ ಕೇಳುತ್ತಾರೆ. ಕಾರಣ ಹೇಳುವ ಬದಲು ಮಗಳನ್ನು ಅಲ್ಲೇ ಬಿಡುವುದು ಮರ್ಯಾದಸ್ಥರಿಗೆ ಹಗುರವೆನ್ನಿಸುತ್ತಿತ್ತು.

ಸುಭದ್ರಮ್ಮನ ಕಾಫಿ ನಿಜಕ್ಕೂ ಹದವಾಗಿತ್ತು. ದಾಕ್ಷಾಯಣಮ್ಮ ಅದನ್ನು ಬಹಳ ಕಷ್ಟಪಟ್ಟು ಕುಡಿದರು.

ನಂಜಿಗೆ ಬಗ್ಗುವ ಸಂಗತಿ ಇದಲ್ಲ. ಹುಡುಗಿ ಆ ಮನೆಯಿಂದ ಹೊರಗೆ ಬರಬೇಕು, ಅದಕ್ಕೆ ದೊಡ್ಡವರ ಒಂದು ಮಾತು ಬೇಕು ಎಂದುಕೊಂಡು ಡಾಕ್ಟರ ಬಳಿ ಹೋದರು. ಡಾಕ್ಟರ್ ಸುಬ್ಬಪ್ಪನವರು ಕೆಟ್ಟವರಲ್ಲ. ಅವರಿಗೆ ತಮ್ಮ ದನಿಯ ಮೇಲೆ ಪ್ರೀತಿ, ಅಷ್ಟೆ. ಗಣೇಶೋತ್ಸವದಿಂದ ಹಿಡಿದು ಕೋಳಿ ಸಾಕಣೆಯವರೆಗೆ ಯಾವ ಸಭೆಗೆ ಕರೆದರೂ ಬರುತ್ತಿದ್ದರು. ಕರೆದವರು ಅಧ್ಯಕ್ಷತೆಯನ್ನು ಬೇರೆಯವರಿಗೆ ಕೊಟ್ಟರೆ ಮಾತ್ರ ಗಂಟಲು ಕೆಡುತ್ತಿತ್ತು.

"ಶಿವಮೊಗ್ಗದ ಆಸ್ಪತ್ರೆಗೆ ಸೇರಿಸ್ಬೇಕು ಅಂತ ಒಂದು ಚೀಟಿ ಬರೆದುಕೊಡಿ ಸಾಕು ಡಾಕ್ಟ್ರೇ. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಚೀಟಿ ಯಾಕ್ರೀ? ರೋಗದ ಬೇರಿಗೇ ಕೈ ಹಾಕೋಣ. ಆ ಜಂಬಣ್ಣನ್ನ ನನ್ನ ಹತ್ರ ಕಳಿಸಿ. ಮಾತಿಗೆ ಒಂದು ಶಕ್ತಿ ಇದೆ."

"ನನ್ನ ಹೆಸರು ಮಾತ್ರ ಬರೋದು ಬೇಡ."

"ನನಗೆ ಅಷ್ಟೂ ಗೊತ್ತಾಗಲ್ವೇ?"

ಮರುದಿನ ಜಂಬಣ್ಣ ಬಂದ. ಪಕ್ಕದ ಕೋಣೆಯಲ್ಲಿ ದಾಕ್ಷಾಯಣಮ್ಮ ಕತ್ತರಿ, ಚಿಮುಟ ಕುದಿಸುತ್ತಿದ್ದರು. ಡಾಕ್ಟರು ಸ್ತ್ರೀಯೆಂದರೆ ಗೃಹಲಕ್ಷ್ಮಿ ಎಂಬಲ್ಲಿಂದ ಹೊರಟು, ಭಾರತೀಯ ಸಂಸ್ಕೃತಿಯಲ್ಲಿ ಸ್ವಲ್ಪ ಹೊತ್ತು ನಿಂತು, ನವಭಾರತ ನಿರ್ಮಾಣಕ್ಕೆ ತಲುಪಿದರು. ಜಂಬಣ್ಣನ ಕಣ್ಣಲ್ಲಿ ನೀರು ಬಂತು. ಭಾಷಣಕಾರನಿಗೆ ಅದಕ್ಕಿಂತ ಬೇಕೇನು? ಉತ್ಸಾಹ ಉಕ್ಕಿ ಡಾಕ್ಟರು ಹೇಳಿದರು: "ನಮ್ಮ ನರ್ಸಮ್ಮ ಎಲ್ಲಾ ಹೇಳಿದಾರೆ ನೋಡಿ ಜಂಬಣ್ಣನವರೇ. ನಿಮ್ಮಂಥವರು ಹೀಗೆ ಮಾಡೋದೇ?"

ದಾಕ್ಷಾಯಣಮ್ಮನವರ ಕೈಯಲ್ಲಿದ್ದ ಚಿಮುಟ ಹಾಗೇ ನಿಂತಿತು. ಜಂಬಣ್ಣ ಡಾಕ್ಟರ ಕಾಲು ಮುಟ್ಟಿ, ಇನ್ನು ಬೆರಳೂ ಸೋಕಿಸುವುದಿಲ್ಲವೆಂದು ಆಣೆಯಿಟ್ಟು ಹೊರಟ. ಹೋಗುವಾಗ ಕುದಿಯುವ ಪಾತ್ರೆಯ ಕೋಣೆಯತ್ತ ತಿರುಗಿ, ಎಂದಿನಂತೆ ಮೆಲ್ಲಗೆ ನಕ್ಕು ನಮಸ್ಕಾರ ಮಾಡಿದ.

"ನೋಡಿದ್ರಾ? ಕರಗಿಹೋದ!" ಎಂದರು ಡಾಕ್ಟರು.

ದಾಕ್ಷಾಯಣಮ್ಮ ಕುದಿಯುವ ಪಾತ್ರೆಯನ್ನು ಒಲೆಯಿಂದ ಇಳಿಸಿದರು. ಮಾತಿನವರ ಹತ್ತಿರ ಗುಟ್ಟು ಕೊಟ್ಟವಳು ತಾನು, ಅದರ ಫಲ ಉಣ್ಣಬೇಕಾದವಳು ಇನ್ನೊಬ್ಬಳು ಎಂಬುದು ಅವರಿಗೆ ಆಗಲೇ ಹೊಳೆದಿತ್ತು.

ಮುಂದಿನ ವಾರ ಕಾಗದನಗರಕ್ಕೆ ಹೋದರು. ಬಾಗಿಲಲ್ಲೇ ಸುಭದ್ರಮ್ಮ. ಹಿಂದೆಂದೂ ಇಲ್ಲದ ಆದರ.

"ಬನ್ನಿ ಬನ್ನಿ ನರ್ಸಮ್ನೋರೇ! ನಿಮ್ಮ ದಾರೀನೇ ಕಾಯ್ತಿದ್ದೆ."

"ಕಾಫಿ..." ಎಂದರು ದಾಕ್ಷಾಯಣಮ್ಮ.

"ಅಯ್ಯೋ, ಕೇಳ್ಬೇಕಾ?" ಸುಭದ್ರಮ್ಮ ಚಾಪೆಯ ಪಕ್ಕದಿಂದ ಏನನ್ನೋ ಎತ್ತಿ ಮುಂದಿಟ್ಟಳು. ಹೊಚ್ಚ ಹೊಸ ಫ್ಲಾಸ್ಕು. ಮೈತುಂಬ ಕೆಂಪು ಗುಲಾಬಿ ಹೂ, ಮೇಲೊಂದು ಬಿಳಿ ಮುಚ್ಚಳ. "ನಮ್ಮ ಜಂಬಣ್ಣ ತಂದಿದಾನೆ. ನರ್ಸಮ್ಮನ್ನ ಕಾಯಿಸಬಾರದು ಅವ್ವ, ಪಾಪ, ಬಿಸಿಲಲ್ಲಿ ಬಂದಿರ್ತಾರೆ ಅಂದ. ಬೆಳಗ್ಗೆ ಹಾಕಿದ್ದು ಸಂಜೆವರೆಗೂ ಬಿಸಿ ಇರುತ್ತಂತೆ. ನಾನು ಏಳೋ ಹಂಗೇ ಇಲ್ಲ. ಕುಡೀರಿ. ಸೊಸೆ ಇಲ್ಲೇ ಇದಾಳೆ, ಮಾತಾಡಿ. ನಾನೂ ಕೇಳ್ತೀನಿ."

ಉಮಾಮಹೇಶ್ವರಿ ಗೋಡೆಗೆ ಒರಗದೆ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಆ ಸೆಖೆಯಲ್ಲೂ ಸೆರಗನ್ನು ಎರಡೂ ತೋಳು ಮುಚ್ಚುವಂತೆ ಹೊದ್ದಿದ್ದಳು. ಒರಗಿಕೊಳ್ಳಲು ಅವಳ ಬೆನ್ನು ಬಿಡುತ್ತಿಲ್ಲ ಎಂಬುದು ದಾಕ್ಷಾಯಣಮ್ಮನವರಿಗೆ ತಿಳಿಯಿತು. ಪುಟ್ಟಿ ಫ್ಲಾಸ್ಕಿನ ಹೂಗಳ ಮೇಲೆ ಬೆರಳಾಡಿಸುತ್ತಿತ್ತು.

ಇಷ್ಟು ವರ್ಷ ಊರಿನ ಒಬ್ಬರಿಗೂ ತಿಳಿಯದ ಕಾಫಿಯ ಮರ್ಮವನ್ನು ಮೊದಲು ಹಿಡಿದವನು ಜಂಬಣ್ಣನೇ ಎಂಬುದನ್ನು ಒಪ್ಪಿಕೊಳ್ಳಬೇಕು. ಹೊಡೆಯುವವನಿಗೆ ಬುದ್ಧಿ ಕಡಿಮೆಯೆಂದು ನಾವು ಸುಮ್ಮನೆ ಸಮಾಧಾನ ಮಾಡಿಕೊಳ್ಳುತ್ತೇವೆ.

ದಾಕ್ಷಾಯಣಮ್ಮ ಫ್ಲಾಸ್ಕಿನ ಕಾಫಿ ಕುಡಿದರು. ಲೋಟ ಕೆಳಗಿಟ್ಟು, ಕೈ ತೊಳೆದು, ಉಮಾಮಹೇಶ್ವರಿಯನ್ನು ಮಲಗಿಸಿ ಹೊಟ್ಟೆಯ ಮೇಲೆ ಕೈಯಿಟ್ಟರು. ಮಗುವಿನ ತಲೆ ಇರಬೇಕಾದ ಕಡೆ ಸರಿಯಾಗಿ ಇತ್ತು. ಅವರು ಮತ್ತೆ ಮತ್ತೆ ಮುಟ್ಟಿ ನೋಡಿದರು, ಹುಬ್ಬು ಗಂಟಿಕ್ಕಿದರು.

ಸುಭದ್ರಮ್ಮನಿಗೆ ತಡೆಯಲಾಗಲಿಲ್ಲ. "ಏನು ನರ್ಸಮ್ನೋರೇ? ಈ ಸಲ ಬಲಗಾಲು ಮುಂದಿಟ್ಟೇ ಏಳ್ತಾಳೆ, ನಾನು ನೋಡಿದೀನಿ. ಗಂಡೇ ಅಲ್ವಾ?"

"ಗಂಡೋ ಹೆಣ್ಣೋ, ಅಡ್ಡ ಮಲಗಿದೆಯಲ್ಲ," ಎಂದರು ದಾಕ್ಷಾಯಣಮ್ಮ. "ಹೀಗೇ ಇದ್ರೆ ನನ್ನ ಕೈಲಾಗಲ್ಲ. ಕತ್ತರಿ ಹಾಕಿ ತೆಗೀಬೇಕಾಗ್ಬಹುದು. ಶಿವಮೊಗ್ಗದ ದೊಡ್ಡಾಸ್ಪತ್ರೆ ಹತ್ರ, ಅವಳ ತವರಲ್ಲೇ ಇರ್ಬೇಕು. ಇಲ್ಲಿ ನೋವು ಬಂದ್ರೆ ಬಸ್ಸಲ್ಲೇ ಎರಡೂ ಜೀವ ಹೋಗುತ್ತೆ, ಮೊಮ್ಮಗನ್ನ ನೋಡೋಕೆ ಸಿಗಲ್ಲ."

ಮೊಮ್ಮಗ ಎಂಬ ಪದ ಸುಭದ್ರಮ್ಮನ ಎದೆಗೆ ಹೋಗಿ ಕೂತಿತು. ಆದರೆ ಜಂಬಣ್ಣ ಸುಲಭದ ಆಸಾಮಿಯಲ್ಲ. ಅಷ್ಟರಲ್ಲಿ ಮನೆಗೆ ಬಂದವನು ವಿಷಯ ಕೇಳಿ, ಡಾಕ್ಟರನ್ನೇ ಕೇಳುತ್ತೇನೆಂದ. ದಾಕ್ಷಾಯಣಮ್ಮ ಅವನಿಗಿಂತ ಮೊದಲೇ ದವಾಖಾನೆಗೆ ಓಡಿಬಂದು, ತಾನು ಸುಳ್ಳು ಹೇಳಿದ್ದೇನೆಂದು ನೇರವಾಗಿ ತಿಳಿಸಿದರು.

"ಸುಳ್ಳು ಹೇಳೋ ಮನುಷ್ಯ ನಾನಲ್ಲ, ನರ್ಸಮ್ಮ," ಎಂದರು ಡಾಕ್ಟರು, ಎದೆಯುಬ್ಬಿಸಿ.

"ನಿಮ್ಮ ಭಾಷಣ ಆದ್ಮೇಲೆ ಆ ಹುಡುಗಿ ಗೋಡೆಗೆ ಒರಗಿ ಕೂರೋ ಹಾಗಿಲ್ಲ, ಡಾಕ್ಟ್ರೇ."

ಡಾಕ್ಟರು ಅದಕ್ಕೆ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಜಂಬಣ್ಣ ಬಂದ.

"ಮಗು ಅಡ್ಡ ಇರೋದು ನಿಜವಾ ಸಾರ್?"

ಡಾಕ್ಟರ್ ಸುಬ್ಬಪ್ಪನವರು ಗಂಟಲು ಸರಿಮಾಡಿಕೊಂಡರು. ಗರ್ಭಸ್ಥ ಶಿಶುವಿನ ಭಂಗಿಗಳೆಷ್ಟು ಎಂಬಲ್ಲಿಂದ ತೊಡಗಿ, ಪ್ರತಿಯೊಂದಕ್ಕೂ ಇಂಗ್ಲಿಷಿನಲ್ಲೊಂದು, ಲ್ಯಾಟಿನ್ನಿನಲ್ಲೊಂದು ಹೆಸರು ಹೇಳಿ, ಕೈ ಮುಂದೆ ಬಂದರೇನು, ಭುಜ ಸಿಕ್ಕಿಕೊಂಡರೇನು, ರಕ್ತಸ್ರಾವದ ಬಗೆಗಳಾವುವು ಎಂದು ವಿವರಿಸುತ್ತ ಹೋದರು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಅದು ಉಪಾಯವೋ ಅಭ್ಯಾಸವೋ ಇಂದಿಗೂ ತಿಳಿಯದು. ಜಂಬಣ್ಣ ಬೆವರು ಒರೆಸಿಕೊಂಡು, ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದ.

ಹೊರಡುವ ಹೊತ್ತಿಗೆ ಸುಭದ್ರಮ್ಮ ಪುಟ್ಟಿಯನ್ನು ಸೊಂಟಕ್ಕೆ ಎತ್ತಿಕೊಂಡಳು. "ಆಸ್ಪತ್ರೆಗೆ ಮಗು ಯಾಕೆ? ಇವಳು ನಮ್ಮ ಹತ್ರ ಇರ್ಲಿ." ಉಮಾಮಹೇಶ್ವರಿ ಹೊಸ್ತಿಲಲ್ಲಿ ನಿಂತುಬಿಟ್ಟಳು. ಜಂಬಣ್ಣ ಮಗಳ ತಲೆ ಸವರುತ್ತ, "ಬೇಗ ಬಂದುಬಿಡ್ತಾಳೆ ಅಮ್ಮ, ಅಲ್ವಾ ಪುಟ್ಟಿ?" ಎಂದ. ದಾಕ್ಷಾಯಣಮ್ಮ ಯೋಚಿಸಿರದೆ ಇದ್ದದ್ದು ಇದೊಂದೇ. ಮಗುವಿಗಾಗಿ ನಿಂತು ವಾದಿಸಿದರೆ ತಾಯಿಯೂ ಹೊರಬರುವುದಿಲ್ಲ. ಅವರು ಉಮಾಮಹೇಶ್ವರಿಯ ಮೊಣಕೈ ಹಿಡಿದು, ಹಿಂದೆ ತಿರುಗದಂತೆ, ಬಸ್ಸಿನವರೆಗೂ ನಡೆಸಿಕೊಂಡು ಹೋದರು. 

ದುರ್ಗಿಗುಡಿಯಲ್ಲಿ ಉಮಾಮಹೇಶ್ವರಿಯ ತಂದೆ ಷಡಕ್ಷರಪ್ಪನವರದು ದೊಡ್ಡ ಮನೆ. ಜವಳಿ ವ್ಯಾಪಾರಿ; ಅನೇಕ ಸಮಿತಿಗಳಿಗೆ ಅಧ್ಯಕ್ಷ, ಉಳಿದವಕ್ಕೆ ಉಪಾಧ್ಯಕ್ಷ. ಹಜಾರದ ಗೋಡೆಯ ತುಂಬ ಅವರು ಹಾರ ಹಾಕಿಸಿಕೊಳ್ಳುತ್ತಿರುವ ಪಟಗಳು. ಒಂದರಲ್ಲಿ ಮಾತ್ರ ಅವರೇ ಬೇರೆ ಯಾರಿಗೋ ಹಾರ ಹಾಕುತ್ತಿದ್ದರು; ಅದನ್ನು ಬಾಗಿಲ ಹಿಂದೆ ತೂಗುಹಾಕಿತ್ತು.

"ಆಸ್ಪತ್ರೆ ಕೆಲಸ ಮುಗಿಯೋವರೆಗೂ ಇರ್ಲಿ, ಬೇಡ ಅನ್ನಲ್ಲ," ಎಂದರು ಷಡಕ್ಷರಪ್ಪ, ದಾಕ್ಷಾಯಣಮ್ಮ ವಿಷಯ ತಿಳಿಸಿದ ಮೇಲೆ. "ಆದರೆ ಮಗು ಹುಟ್ಟಿದ ಕೂಡಲೇ ಗಂಡನ ಮನೆಗೆ ಹೊರಡ್ಬೇಕು. ಎರಡನೇ ಬಾಣಂತನ ತವರಲ್ಲಿ ಅಂದ್ರೆ ನಾಲ್ಕು ಜನ ಏನಂತಾರೆ? ಏನೋ ಗಂಡ ಹೆಂಡತಿ ನಡುವೆ ಒಂದು ಮಾತು ಬರುತ್ತೆ, ಹೋಗುತ್ತೆ. ಜಂಬಣ್ಣನಂಥ ಅಳಿಯ ಸಿಗೋದೇ ಪುಣ್ಯ."

ಮಗಳು ಕಂಬದ ಪಕ್ಕ ನಿಂತಿದ್ದಳು. ಅವಳ ತಾಯಿ ವೀರಮ್ಮ ಒಳಬಾಗಿಲಲ್ಲಿ ನಿಂತಿದ್ದರು, ಯಜಮಾನರು ಮಾತಾಡುವಾಗ ಎಂದಿನಿಂದಲೂ ನಿಲ್ಲುತ್ತಿದ್ದ ಜಾಗದಲ್ಲಿ. ದಾಕ್ಷಾಯಣಮ್ಮ ಅಪ್ಪನ ಮುಖ ನೋಡಿದರು, ಪಟಗಳನ್ನು ನೋಡಿದರು, ಕೊನೆಗೆ ವೀರಮ್ಮನ ಕಡೆ ತಿರುಗಿದರು.

"ಅವ್ವಾರೇ, ಒಂದು ಲೋಟ ಕಾಫಿ ಆಗ್ಬೇಕಲ್ಲ."

"ಧಾರಾಳವಾಗಿ!" ಷಡಕ್ಷರಪ್ಪನವರಿಗೆ ಸಂತೋಷವಾಯಿತು. "ನಮ್ಮನೆಗೆ ಬಂದೋರು ಕಾಫಿ ಕುಡೀದೆ ಹೋದದ್ದೇ ಇಲ್ಲ."

"ನಿಮ್ಮ ಮಗಳೂ ಜೊತೆಗೆ ಬರ್ಲಿ, ಅವ್ವಾ. ಅಟ್ಟದ ಮೇಲಿನ ಡಬ್ಬಿ ಇಳಿಸಿಕೊಡ್ತಾಳೆ."

ಬಸುರಿಯ ಕೈಲಿ ಅಟ್ಟದ ಡಬ್ಬಿ ಇಳಿಸುವ ನರ್ಸನ್ನು ಬೇರೆ ಯಾರಾದರೂ ವಿಚಿತ್ರವಾಗಿ ನೋಡುತ್ತಿದ್ದರು. ಅಡುಗೆಮನೆಯ ವಿಷಯ ಷಡಕ್ಷರಪ್ಪನವರಿಗೆ ತಿಳಿಯದು. ತಾಯಿ ಮಗಳು ಒಳಗೆ ಹೋದರು. ಹೊರಗೆ ಅವರು ಶಿವಮೊಗ್ಗದ ಚರಂಡಿ ವ್ಯವಸ್ಥೆಗೆ ತಮ್ಮ ಕೊಡುಗೆಯನ್ನು ವಿವರಿಸತೊಡಗಿದರು. ದಾಕ್ಷಾಯಣಮ್ಮ ಕೇಳುವವರಂತೆ ಕೂತು ಒಳಗಿನ ಸದ್ದಿಗೆ ಕಿವಿಗೊಟ್ಟರು. ಪಾತ್ರೆಯ ಸದ್ದಾಯಿತು. ಡಬ್ಬಿಯೊಂದು ಕೆಳಗೆ ಬಿತ್ತು. ಕೈ ಮೇಲೆತ್ತಿದರೆ ಸೆರಗು ಜಾರಲೇಬೇಕು. ಆಮೇಲೆ ಯಾವ ಸದ್ದೂ ಇಲ್ಲ, ಬಹಳ ಹೊತ್ತು.

ಚರಂಡಿಗಳು ಮುಗಿದವು. ಬೀದಿದೀಪಗಳೂ ಮುಗಿದವು. ಕಾಫಿ ಬರಲಿಲ್ಲ. ಷಡಕ್ಷರಪ್ಪನವರಿಗೆ ಇರುಸುಮುರುಸಾಯಿತು.

"ವೀರಮ್ಮಾ! ಕಾಫಿ ಏನಾಯ್ತೇ?"

ವೀರಮ್ಮ ಬರಿಗೈಯಲ್ಲಿ ಬಂದರು. ಒಳಬಾಗಿಲಲ್ಲಿ ನಿಲ್ಲದೆ ನೇರ ಹಜಾರದ ನಡುವೆ ಬಂದು ನಿಂತರು. ಅವರ ಕಣ್ಣು ಕೆಂಪಾಗಿತ್ತು.

"ಇವಳು ಇಲ್ಲೇ ಇರ್ತಾಳೆ."

"ಇರ್ಲಿ ಅಂದೆನಲ್ಲ, ಹೆರಿಗೆವರೆಗೂ..."

"ಹೆರಿಗೆವರೆಗೂ ಅಲ್ಲ. ಅವಳ ಬೆನ್ನು ನೋಡಿ ಬಂದೆ ನಾನು. ನೀವೂ ನೋಡ್ತೀರಾ? ನೋಡೋಕಾಗಲ್ಲ ಅಂದ್ರೆ ಸುಮ್ಮನಿರಿ. ಕಳಿಸೋದಾದ್ರೆ ನಾನೂ ಅವಳ ಜೊತೆ ಹೋಗ್ತೀನಿ, ನಿಮ್ಮ ನಾಲ್ಕು ಜನಕ್ಕೆ ಅದನ್ನೂ ಹೇಳಿಬಿಡಿ."

ಷಡಕ್ಷರಪ್ಪನವರ ಬಾಯಿಗೆ, ಆ ಹಜಾರದಲ್ಲಿ ಮೊದಲ ಬಾರಿಗೆ, ಯಾವ ಮಾತೂ ಬರಲಿಲ್ಲ. ಅವರು ಹೂಂ ಎಂದರೋ, ಉಸಿರು ಬಿಟ್ಟರೋ, ಅಂತೂ ಇಲ್ಲ ಅನ್ನಲಿಲ್ಲ.

ದಾಕ್ಷಾಯಣಮ್ಮ ಛತ್ರಿ ಎತ್ತಿಕೊಂಡು ಎದ್ದರು. ಅಡುಗೆಮನೆಯ ಬಾಗಿಲಿಗೆ ಬಂದ ಉಮಾಮಹೇಶ್ವರಿ ಕೇಳಿದಳು: "ನರ್ಸಮ್ನೋರೇ, ಪುಟ್ಟಿ?"

ಆ ಪ್ರಶ್ನೆಗೆ ಅವರ ಚೀಲದಲ್ಲಿ ಔಷಧಿಯಿರಲಿಲ್ಲ. "ನೋಡೋಣ," ಎಂದರು. ಆ ಮಗು ತಾಯಿಯ ಮಡಿಲಿಗೆ ಬರುವ ಹೊತ್ತಿಗೆ ಮುಂದೆ ಕೆಲವು ದೀಪಾವಳಿಗಳೇ ಕಳೆದವು. ಅಷ್ಟರಲ್ಲಿ ಅದು ತಾಯಿಯನ್ನು ನೋಡಿ ಅಜ್ಜಿಯ ಹಿಂದೆ ಅಡಗಿಕೊಳ್ಳುವುದನ್ನು ಕಲಿತಿತ್ತು. ಅಂದು ಇದೊಂದೂ ಗೊತ್ತಿಲ್ಲದಿದ್ದರೂ, ಆ "ನೋಡೋಣ" ಎಷ್ಟು ಪೊಳ್ಳೆಂಬುದು ಹೇಳಿದವರಿಗೂ ಕೇಳಿದವಳಿಗೂ ತಿಳಿದಿತ್ತು.

ಬೀದಿಬಾಗಿಲವರೆಗೆ ಷಡಕ್ಷರಪ್ಪನವರು ಬಂದರು. ಅಷ್ಟರಲ್ಲಿ ಅವರಿಗೆ ಮಾತು ಮರಳಿತ್ತು. ಮಗಳ ಬೆನ್ನಿನ ಬಗ್ಗೆ ಏನು ಕೇಳಬೇಕೆಂದು ತೋಚದೆ, ಕೇಳಬಹುದಾದ ಇನ್ನೊಂದನ್ನು ಹುಡುಕಿಕೊಂಡಿದ್ದರು.

"ಛೆ, ಕಾಫಿ ಕುಡೀದೇ ಹೊರಟ್ರಲ್ಲ, ನಮ್ಮನೇಲಿ ಹೀಗೆ ಆದದ್ದೇ ಇಲ್ಲ. ನಿಮಗಂತೂ ಕಾಫಿ ಅಂದ್ರೆ ಪ್ರಾಣ ಅಂತ ಅಳಿಯಂದಿರು ಹೇಳ್ತಿದ್ರು. ಹೌದಾ ನರ್ಸಮ್ಮ, ದಿನಕ್ಕೆ ಎಷ್ಟು ಲೋಟ ಕುಡೀತೀರಿ?"

ದಾಕ್ಷಾಯಣಮ್ಮ ಛತ್ರಿ ಬಿಚ್ಚಿದರು.

"ನನಗೆ ಕಾಫಿ ಆಗೋದೇ ಇಲ್ಲ. ಎದೆ ಉರಿಯುತ್ತೆ."